ಗುಮ್ಮಟದ ಭಾರ, ಅಂಚಿನ ಬಳೆ

ಇಪ್ಪತ್ತು ಮೀಟರ್ ಅಗಲದ ವೃತ್ತಾಕಾರದ ಸಭಾಂಗಣಕ್ಕೆ, ನಡುವೆ ಒಂದೂ ಕಂಬವಿಲ್ಲದೆ, ಕೇವಲ 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಗುಮ್ಮಟವನ್ನು ಹೊದಿಸಬಹುದು ಎಂದರೆ ಮೊದಲ ಸಲ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಅಷ್ಟೇ ಅಗಲಕ್ಕೆ ಚಪ್ಪಟೆ ಸ್ಲ್ಯಾಬ್ ಹಾಕಹೊರಟರೆ ಇದರ ಹಲವು ಪಟ್ಟು ದಪ್ಪ ಬೇಕಾಗುತ್ತದೆ. ಸ್ಲ್ಯಾಬ್ ಭಾರವನ್ನು ಬಾಗುವ ಮೂಲಕ ಹೊರುತ್ತದೆ. ಬಾಗಿದಾಗ ಅದರ ಮೇಲ್ಪದರ ಒತ್ತಿಕೊಳ್ಳುತ್ತದೆ, ಕೆಳಪದರ ಹಿಗ್ಗಿ ಬಿರುಕು ಬಿಡುತ್ತದೆ, ನಡುವಿನ ಕಾಂಕ್ರೀಟಿಗೆ ಹೆಚ್ಚು ಕೆಲಸವೇ ಇರುವುದಿಲ್ಲ. ಗುಮ್ಮಟದ ಮೈಯಾದರೋ ತನ್ನ ಪೂರ್ತಿ ದಪ್ಪದಲ್ಲಿ ಒತ್ತಡವನ್ನು ಹೊರುತ್ತದೆ, ಮತ್ತು ಒತ್ತಡವನ್ನು ತಾಳುವುದರಲ್ಲಿ ಕಾಂಕ್ರೀಟ್ ಗಟ್ಟಿಗ.

ಸ್ವಲ್ಪ ಲೆಕ್ಕ ಮಾಡೋಣ. ನಮ್ಮ ಗುಮ್ಮಟವು 20 ಮೀಟರ್ ತ್ರಿಜ್ಯದ ಗೋಳದ ನೆತ್ತಿಯಿಂದ ಕತ್ತರಿಸಿದ ಟೋಪಿಯಂತಿರಲಿ. ಆಗ ಅದರ ಎತ್ತರ ಸುಮಾರು 2.7 ಮೀಟರ್. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2,500 ಕಿಲೋ ತೂಗುವುದರಿಂದ ಗುಮ್ಮಟದ ಪ್ರತಿ ಚದರ ಮೀಟರ್ 250 ಕಿಲೋ ಭಾರವಿರುತ್ತದೆ. ಈ ಸ್ವಂತ ಭಾರದಿಂದ ನೆತ್ತಿಯಲ್ಲಿ ಉಂಟಾಗುವ ಒತ್ತಡ ಪ್ರತಿ ಚದರ ಮಿಲಿಮೀಟರಿಗೆ ಕಾಲು ನ್ಯೂಟನ್ ಮಾತ್ರ; ಸಾಧಾರಣ ಕಾಂಕ್ರೀಟ್ 25 ನ್ಯೂಟನ್ ತಾಳಬಲ್ಲದು. ಅಂದರೆ ಅದರ ಶಕ್ತಿಯ ನೂರನೆಯ ಒಂದು ಪಾಲಷ್ಟೇ ಬಳಕೆಯಾಗುತ್ತದೆ. ನನಗೆ ಇದಕ್ಕಿಂತಲೂ ಸೊಗಸಾಗಿ ಕಾಣುವುದು ಇನ್ನೊಂದು ಸಂಗತಿ: ದಪ್ಪವನ್ನು ಇಮ್ಮಡಿ ಮಾಡಿದರೆ ಭಾರವೂ ಇಮ್ಮಡಿಯಾಗುತ್ತದೆ, ಅದನ್ನು ಹೊರುವ ಮೈಯೂ ಇಮ್ಮಡಿಯಾಗುತ್ತದೆ, ಒತ್ತಡ ಮಾತ್ರ ಇದ್ದಷ್ಟೇ ಉಳಿಯುತ್ತದೆ. ಸ್ವಂತ ಭಾರವನ್ನು ಹೊರಲು ಗುಮ್ಮಟಕ್ಕೆ ಆಕಾರ ಬೇಕು, ದಪ್ಪವಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಅಂಚಿನಲ್ಲಿದೆ. ಗುಮ್ಮಟದ ಮೈಯಲ್ಲಿ ಬಲಗಳು ಎರಡು ದಿಕ್ಕಿನಲ್ಲಿ ಹರಿಯುತ್ತವೆ: ನೆತ್ತಿಯಿಂದ ಬುಡಕ್ಕೆ ಇಳಿಯುವ ಗೆರೆಗಳಲ್ಲಿ ಒಂದು, ಬಳೆಗಳಂತೆ ಸುತ್ತುವರಿದ ಅಡ್ಡ ಗೆರೆಗಳಲ್ಲಿ ಇನ್ನೊಂದು. ಇಳಿಯುವ ಗೆರೆಗಳಲ್ಲಿ ಸ್ವಂತ ಭಾರದಿಂದ ಬರುವುದು ಯಾವಾಗಲೂ ಒತ್ತಡವೇ. ಬಳೆಗಳಲ್ಲಿ ಹಾಗಲ್ಲ. ಗೋಳದ ಕೇಂದ್ರದಿಂದ ಅಳೆದಾಗ ನೆತ್ತಿಯಿಂದ ಸುಮಾರು 52 ಡಿಗ್ರಿಯವರೆಗೆ ಬಳೆಗಳು ಒತ್ತಿಕೊಂಡಿರುತ್ತವೆ. ಅದರಿಂದ ಕೆಳಗಿನವು ಹಿಗ್ಗಲು ನೋಡುತ್ತವೆ, ಮತ್ತು ಎಳೆತ ಕಾಂಕ್ರೀಟಿಗೆ ಆಗದ ಮಾತು. ರೋಮ್ ನಗರದ ಪ್ಯಾಂಥಿಯನ್ ಎಂಬ ಪ್ರಾಚೀನ ದೇಗುಲದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸುಮಾರು 1,900 ವರ್ಷಗಳ ಹಿಂದೆ, ಒಂದೂ ಉಕ್ಕಿನ ಕಂಬಿ ಇಲ್ಲದೆ, 43 ಮೀಟರ್ ಅಗಲಕ್ಕೆ ಕಟ್ಟಿದ ಆ ಕಾಂಕ್ರೀಟ್ ಅರ್ಧಗೋಳದ ಬುಡದಿಂದ ಬಿರುಕುಗಳು ಮೇಲಕ್ಕೆ ಹತ್ತಿವೆ, ನೆತ್ತಿಯ ಕಿಂಡಿಯನ್ನು ಮುಟ್ಟುವ ಮೊದಲೇ ನಿಂತಿವೆ. ಅಲ್ಲಿನ ಕಟ್ಟುಗರು ಮೇಲೇರಿದಂತೆ ಹಗುರವಾದ ಕಲ್ಲನ್ನು ಬೆರೆಸಿ, ಬುಡದಲ್ಲಿ ಸುಮಾರು 6 ಮೀಟರಿದ್ದ ದಪ್ಪವನ್ನು ತುದಿಯಲ್ಲಿ 1.2 ಮೀಟರಿಗೆ ಇಳಿಸಿದ್ದರಿಂದಲೂ, ಭಾರೀ ಗೋಡೆ ಹೊರನೂಕನ್ನು ತಡೆಯುತ್ತಿರುವುದರಿಂದಲೂ ಅದು ಬಿರುಕು ಬಿಟ್ಟೂ ನಿಂತಿದೆ.

ನಮ್ಮ ಗುಮ್ಮಟ ಚಿಕ್ಕ ಟೋಪಿಯಾದ್ದರಿಂದ 52 ಡಿಗ್ರಿಯವರೆಗೆ ಹೋಗುವುದೇ ಇಲ್ಲ; ಅದರ ಅಂಚು 30 ಡಿಗ್ರಿಯಲ್ಲೇ ಮುಗಿಯುತ್ತದೆ. ಆದರೆ ಅಲ್ಲಿ ಬಲ ಓರೆಯಾಗಿ ಇಳಿಯುವುದರಿಂದ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಬಾಯಿಗೆ ಸುತ್ತಿದ ಕಟ್ಟನ್ನು ಬಿಚ್ಚಿ ಮೇಲಿನಿಂದ ಅದುಮಿದರೆ ಕಡ್ಡಿಗಳು ಸುತ್ತಲೂ ಹರಡಿಕೊಳ್ಳುತ್ತವೆ. ಆ ಕಟ್ಟಿನ ಕೆಲಸವನ್ನು ಇಲ್ಲಿ ರಿಂಗ್ ಬೀಮ್, ಅಂದರೆ ಅಂಚನ್ನು ಬಳೆಯಂತೆ ಸುತ್ತುವರಿದ ತೊಲೆ, ಮಾಡುತ್ತದೆ. ಸುಮಾರು 84 ಟನ್ ತೂಗುವ ನಮ್ಮ ಗುಮ್ಮಟ ಈ ಬಳೆಯಲ್ಲಿ ಸುಮಾರು 23 ಟನ್ ಎಳೆತವನ್ನು ಹುಟ್ಟಿಸುತ್ತದೆ, ಮತ್ತು ಅಷ್ಟನ್ನೂ ಉಕ್ಕಿನ ಕಂಬಿಗಳೇ ಹೊರಬೇಕು. ಆ ಕಂಬಿಗಳ ಜೋಡಣೆ ಒಂದು ಕಡೆ ಸಡಿಲವಾದರೂ ಇಡೀ ಗುಮ್ಮಟಕ್ಕೆ ಅಪಾಯ.

ಬಳೆ ಎಳೆತಕ್ಕೆ ಸಿಕ್ಕಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಅದಕ್ಕೆ ಅಂಟಿಕೊಂಡ ಗುಮ್ಮಟದ ಮೈ ಒತ್ತಿಕೊಳ್ಳಲು ನೋಡುತ್ತದೆ. ಈ ಎಳೆದಾಟದಿಂದ ಅಂಚಿನಲ್ಲಿ ಬಾಗುವಿಕೆ ತಲೆದೋರುತ್ತದೆ. ಸಮಾಧಾನದ ವಿಷಯವೆಂದರೆ ಅದು ದೂರ ಹರಡುವುದಿಲ್ಲ: ತ್ರಿಜ್ಯ ಮತ್ತು ದಪ್ಪದ ಗುಣಲಬ್ಧದ ವರ್ಗಮೂಲ ತೆಗೆದರೆ ಅದರ ಹರವಿನ ಅಂದಾಜು ಸಿಗುತ್ತದೆ, ನಮ್ಮಲ್ಲಿ ಸುಮಾರು 1.4 ಮೀಟರ್. ಆದ್ದರಿಂದಲೇ ವಿನ್ಯಾಸಕಾರರು ಅಂಚಿನ ಬಳಿಯ ಪಟ್ಟಿಯನ್ನಷ್ಟೇ ದಪ್ಪಗೊಳಿಸಿ, ಒಳಮೈ ಹೊರಮೈ ಎರಡಕ್ಕೂ ಕಂಬಿ ಹಾಕುತ್ತಾರೆ.

ದಪ್ಪವನ್ನು ನಿರ್ಧರಿಸುವುದರಲ್ಲಿ ಇನ್ನೊಂದು ಭಯವೂ ಇದೆ. ತೆಳುವಾದ ಮೈ ಪುಡಿಯಾಗುವ ಬಹಳ ಮೊದಲೇ ಒಳಕ್ಕೆ ಗುಳಿಬಿದ್ದು ಕುಸಿಯಬಹುದು. ಇದನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ ದಪ್ಪವನ್ನು ಅರ್ಧ ಮಾಡಿದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಆಕಾರದ ಸಣ್ಣಪುಟ್ಟ ಡೊಂಕುಗಳು ಅದನ್ನು ಮತ್ತಷ್ಟು ಕುಗ್ಗಿಸುತ್ತವೆ. ಇಷ್ಟಿದ್ದರೂ 1920ರ ದಶಕದಲ್ಲಿ ಜರ್ಮನಿಯ ಯೇನಾದಲ್ಲಿ 40 ಮೀಟರ್ ಅಗಲಕ್ಕೆ 6 ಸೆಂಟಿಮೀಟರ್ ದಪ್ಪದ ಗುಮ್ಮಟವನ್ನು ಕಟ್ಟಿದ್ದರು. ಅಗಲಕ್ಕೆ ಹೋಲಿಸಿದರೆ ಅದು ಮೊಟ್ಟೆಯ ಚಿಪ್ಪಿಗಿಂತ ತೆಳು.

ಲೆಕ್ಕವೆಲ್ಲ ಸರಿಯಿದ್ದರೂ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊತ್ತಿರುವ ತಾತ್ಕಾಲಿಕ ಹಲಗೆ ಮತ್ತು ಆಸರೆಗಳನ್ನು, ಬಿಚ್ಚುವ ದಿನ ಎಚ್ಚರ ತಪ್ಪಬಾರದು. ಅಂಚಿನ ಆಧಾರಗಳನ್ನು ಮೊದಲು ತೆಗೆದರೆ ಗುಮ್ಮಟವು ನಡುವೆ ಉಳಿದ ಒಂದೆರಡು ಆಸರೆಗಳ ಮೇಲೆ ಕೊಡೆಯಂತೆ ನಿಂತು, ಒತ್ತಡವಿರಬೇಕಾದ ನೆತ್ತಿಯಲ್ಲಿ ಎಳೆತ ಹುಟ್ಟಿ ಸೀಳುತ್ತದೆ. ಅದಕ್ಕಾಗಿ ಆಸರೆಗಳನ್ನು ನೆತ್ತಿಯಿಂದ ಆರಂಭಿಸಿ, ಸುತ್ತು ಸುತ್ತಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಅಂಚಿನ ಕಡೆಗೆ ಬರುತ್ತಾರೆ. ರಿಂಗ್ ಬೀಮಿನೊಳಗೆ ಉಕ್ಕಿನ ತಂತಿಗಳನ್ನು ಇಟ್ಟು ಬಿಗಿಯುವ ಕಡೆ ಈ ಕೆಲಸ ಇನ್ನೂ ಹಗುರ: ತಂತಿ ಬಿಗಿದಂತೆ ಬಳೆ ಕುಗ್ಗಿ, ಗುಮ್ಮಟ ತಾನಾಗಿ ಕೆಲವು ಮಿಲಿಮೀಟರ್ ಮೇಲೆದ್ದು, ಸೆಂಟ್ರಿಂಗಿನ ಹಲಗೆಗಳಿಂದ ಬಿಡಿಸಿಕೊಳ್ಳುತ್ತದೆ.