ಬಾಲ್ಕನಿಯ ಸೆನ್ಸರ್, ಮಂಡಳಿಯ ಅಂಕಿ: ಎರಡೂ ಯಾಕೆ ತಾಳೆಯಾಗುವುದಿಲ್ಲ?

1981ರ ವಾಯು ಕಾಯ್ದೆಯಿಂದ ಹಿಡಿದು 2009ರಲ್ಲಿ ಪಿಎಂ2.5ಕ್ಕೆ (2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳಿಗೆ) ಮಿತಿ ಬಂದ ಮೇಲೂ ಗಾಳಿಯ ಲೆಕ್ಕ ಹೆಚ್ಚಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತಗಳಲ್ಲೇ ಉಳಿದಿತ್ತು. 2015ರಲ್ಲಿ ರಾಷ್ಟ್ರೀಯ ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಅದನ್ನು ಜನರ ಮೊಬೈಲಿಗೆ ತಂದಿತು. ಅದೇ ಹೊತ್ತಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಓಕೆ ಲ್ಯಾಬ್ ಎಂಬ ಸ್ವಯಂಸೇವಕರ ಗುಂಪು, ಗಾಳಿಯ ಧೂಳು ಅಳೆಯಲು ಮನೆಯಲ್ಲೇ ಜೋಡಿಸಬಹುದಾದ ಸೆನ್ಸರಿನ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲೂ ಈ ಬಗೆಯ ಜೋಡಣೆ ಕಾಣಸಿಗುತ್ತದೆ.

ಧೂಳು ಅಳೆಯುವ ಎಸ್‌ಡಿಎಸ್011 ಸೆನ್ಸರ್, ಅದನ್ನು ನಡೆಸುವ ನೋಡ್‌ಎಂಸಿಯು ಎಂಬ ಪುಟ್ಟ ವೈಫೈ ಬೋರ್ಡ್, ತೇವಾಂಶ ಅಳೆಯಲು ಡಿಎಚ್‌ಟಿ22, 75 ಮಿ.ಮೀ. ಪಿವಿಸಿ ಎಲ್ಬೋ ಎರಡು. ಇಷ್ಟಿದ್ದರೆ ಸಾಕು. ಎಲ್ಬೋಗಳನ್ನು ಸೇರಿಸಿ ಬಾಯಿ ಕೆಳಮುಖವಾಗಿ ಕಟ್ಟಿದರೆ ಮಳೆನೀರು ಒಳಹೋಗದು. ಬಾಯಿಗೆ ಸೊಳ್ಳೆಪರದೆಯ ತುಂಡು ಬಿಗಿಯದಿದ್ದರೆ ಒಳಗೆ ಜೇಡ ಬಲೆ ಕಟ್ಟುತ್ತದೆ. ಅಡುಗೆಮನೆಯ ಕಿಟಕಿ ಹತ್ತಿರ ಮಾತ್ರ ಬೇಡ, ಒಗ್ಗರಣೆಯ ಹೊಗೆಯೂ ಊರಿನ ಮಾಲಿನ್ಯವಾಗಿ ದಾಖಲಾಗುತ್ತದೆ. ಸೆನ್ಸರಿನೊಳಗಿನ ಲೇಸರ್ ಬಾಳಿಕೆ ಸುಮಾರು 8,000 ಗಂಟೆ. ಸತತ ಓಡಿಸಿದರೆ ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಹಾಗಾಗಿ ಎರಡೂವರೆ ನಿಮಿಷಕ್ಕೊಮ್ಮೆ ಆನ್ ಮಾಡಿ, ಫ್ಯಾನ್ ಸ್ವಲ್ಪ ಹೊತ್ತು ತಿರುಗಿದ ಮೇಲೆ ಓದಿಕೊಂಡು ಆಫ್ ಮಾಡುವಂತೆ ಪ್ರೋಗ್ರಾಂ ಬರೆಯುತ್ತಾರೆ.

ಗೋಜಲು ಇರುವುದು ಓದಿದ ಅಂಕಿಯಲ್ಲಿ. ಈ ಸೆನ್ಸರ್ ಧೂಳನ್ನು ತೂಗುವುದಿಲ್ಲ. ಕಣಗಳಿಂದ ಚದುರಿದ ಬೆಳಕನ್ನು ನೋಡಿ ತೂಕ ಅಂದಾಜಿಸುತ್ತದೆ. ತೇವಾಂಶ ಶೇ 70 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಅಂಕಿಯೂ ಏರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಇದನ್ನು ಸರಿಪಡಿಸದೆ ನಂಬುವಂತಿಲ್ಲ. ಡಿಎಚ್‌ಟಿ22 ಬೋರ್ಡಿನ ಬಿಸಿಗೆ ತಾಗಿಕೊಂಡಿದ್ದರೆ ತೇವಾಂಶವನ್ನೇ ಕಡಿಮೆ ತೋರಿಸಿ ತಿದ್ದುಪಡಿಯನ್ನೂ ಕೆಡಿಸುತ್ತದೆ. ದಪ್ಪ ಕಣಗಳಂತೂ ಇದರ ಕಣ್ಣಿಗೆ ಸರಿಯಾಗಿ ಬೀಳುವುದಿಲ್ಲ. ಆದ್ದರಿಂದ ಪಿಎಂ10 (10 ಮೈಕ್ರಾನ್‌ವರೆಗಿನ ಕಣಗಳ) ಅಂಕಿಯನ್ನು ಬದಿಗಿಡುವುದೇ ಒಳ್ಳೆಯದು.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಅಲ್ಲಿ ಪ್ರಗತಿ ಅಳೆಯುವುದು ಮುಖ್ಯವಾಗಿ ಪಿಎಂ10ರಿಂದ. ರಸ್ತೆ ಧೂಳು ಗುಡಿಸಿದರೆ ಆ ಅಂಕಿ ಇಳಿಯಬಹುದು. ಶ್ವಾಸಕೋಶದ ಆಳಕ್ಕಿಳಿಯುವ, ವಾಹನ ಮತ್ತು ಕಸ ಸುಡುವ ಹೊಗೆಯ ಸಣ್ಣ ಕಣ ಹಾಗೆಯೇ ಉಳಿಯುತ್ತದೆ. ವಿದ್ಯಾರ್ಥಿಗಳು ಅಳೆಯುತ್ತಿರುವುದು ಆ ಸಣ್ಣ ಕಣವನ್ನೇ. ಸಾಲದ್ದಕ್ಕೆ ಮಾನದಂಡಗಳೂ ಬೇರೆ: ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ2.5 ಇದ್ದರೆ ಭಾರತದ ಎಕ್ಯೂಐಯಲ್ಲಿ 100, ಅಮೆರಿಕದ ಲೆಕ್ಕದಲ್ಲಿ 150ರ ಮೇಲೆ. ಆ್ಯಪ್ ಯಾವುದನ್ನು ಬಳಸುತ್ತಿದೆ ಎಂದು ನೋಡದೆ ಜಗಳಕ್ಕಿಳಿಯುವವರೇ ಹೆಚ್ಚು.

ದಾರಿ ಇಲ್ಲದಿಲ್ಲ. ಸೆನ್ಸರನ್ನು ಮಂಡಳಿಯ ಮಾಪನ ಕೇಂದ್ರದ ಪಕ್ಕ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಕೆಲವು ವಾರ ಇಟ್ಟು, ಗಂಟೆವಾರು ಸರಾಸರಿ ಹೋಲಿಸಿ, ತೇವಾಂಶ ಸೇರಿಸಿ ತಿದ್ದುಪಡಿ ಸೂತ್ರ ಕಟ್ಟಬೇಕು. ಮೂಲ ಅಂಕಿಯನ್ನೂ ತಿದ್ದಿದ ಅಂಕಿಯನ್ನೂ ಒಟ್ಟಿಗೇ ಪ್ರಕಟಿಸಬೇಕು. ಇದಕ್ಕೆ ಕೇಂದ್ರದ ಚಾವಣಿಯಲ್ಲಿ ಎರಡಡಿ ಜಾಗ, ಒಂದು ಪ್ಲಗ್ ಪಾಯಿಂಟ್ ಬೇಕು. ಪ್ರತಿ ಕಾಲೇಜೂ ಹೊಸದಾಗಿ ಅರ್ಜಿ ಹಿಡಿದು ಅಲೆಯದೆ ಅಷ್ಟು ಸಿಗುವ ವ್ಯವಸ್ಥೆ ಆಗಬೇಕು.