ತಲೆ ಮೇಲಿರಬೇಕು, ಬೆನ್ನು ಬಾಗಬಾರದು

ಬೆನ್ನುಮೂಳೆಗೆ ಆಪರೇಷನ್ ಆದವರಿಗೆ ಮೂಗಿನ ಟ್ಯೂಬಿನಲ್ಲಿ ಯಾಕೆ ಊಟ? ಕತ್ತಿನ ಮೂಳೆಯ ಆಪರೇಷನ್ ಅನ್ನು ಎಷ್ಟೋ ಸಲ ಗಂಟಲಿನ ಕಡೆಯಿಂದ ಮಾಡುತ್ತಾರೆ. ಆಗ ಅನ್ನನಾಳವನ್ನು ಪಕ್ಕಕ್ಕೆ ಸರಿಸಿ ಹಿಡಿಯಬೇಕಾಗುತ್ತದೆ. ಆಮೇಲೆ ಕೆಲವು ದಿನ ನುಂಗುವುದು ಕಷ್ಟವಾಗಬಹುದು. ಹೆಚ್ಚಿನವರಿಗೆ ಮೆತ್ತಗಿನ ಊಟವೇ ಸಾಕು. ನುಂಗಿದ್ದು ಶ್ವಾಸನಾಳಕ್ಕೆ ಇಳಿಯುವ ಭಯ ಇದ್ದರೆ ಟ್ಯೂಬ್ ಹಾಕುತ್ತಾರೆ.

ಇಕ್ಕಟ್ಟು ಶುರುವಾಗುವುದೇ ಇಲ್ಲಿ. ಟ್ಯೂಬಿನಲ್ಲಿ ಊಟ ಕೊಡುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶ ಸೇರಬಹುದು. ಆದರೆ ಬೆನ್ನು ಮಡಚಬಾರದು ಅಂತ ಸರ್ಜನ್ ಹೇಳಿದ್ದರೆ? ಆಗ ಮಂಚದ ತಲೆಭಾಗವನ್ನಷ್ಟೇ ಎತ್ತುವುದಿಲ್ಲ. ಇಡೀ ಮಂಚವನ್ನೇ ಓರೆ ಮಾಡಿ ಕಾಲಿನ ಕಡೆ ತಗ್ಗಿಸುತ್ತಾರೆ. ತಲೆ ಮೇಲಾಯಿತು, ಬೆನ್ನು ನೇರವಾಗಿಯೇ ಉಳಿಯಿತು. ರೋಗಿ ಕೆಳಗೆ ಜಾರುತ್ತಿಲ್ಲವೇ ಅಂತ ನೋಡುತ್ತಿರಬೇಕು. ಬೆನ್ನುಹುರಿಯ ಸುತ್ತಲ ದ್ರವ ಸೋರುತ್ತಿದ್ದರೆ ಪೂರ್ತಿ ಮಟ್ಟಸವಾಗಿ ಮಲಗಿಸಿ ಎಂದೂ ಹೇಳಿರಬಹುದು. ಅಂಥವರಿಗೆ ಡಾಕ್ಟರನ್ನು ಕೇಳದೆ ಮಂಚ ಓರೆ ಮಾಡಬಾರದು, ಊಟವನ್ನೂ ಕೊಡಬಾರದು.

ಮಗ್ಗುಲು ಬದಲಿಸುವಾಗಲೂ ಇದೇ ಲೆಕ್ಕ. ಭುಜ, ಸೊಂಟ, ಕಾಲು ಒಟ್ಟಿಗೇ ಹೊರಳಬೇಕು, ನಡು ತಿರುಚಬಾರದು. ಮಂಡಿಗಳ ನಡುವೆ ದಿಂಬು ಇಡಬೇಕು. ಕತ್ತಿನ ಆಪರೇಷನ್ ಆಗಿದ್ದರೆ ತಲೆ ಹಿಡಿಯಲು ಬೇರೆಯೇ ಒಬ್ಬರು ಬೇಕು. "ಒಂದು, ಎರಡು, ಮೂರು" ಅಂತ ಎಣಿಸುವವರೂ ಅವರೇ. ಇದಕ್ಕಾಗಿ ಮಂಚ ಮಟ್ಟಸ ಮಾಡುವುದಾದರೆ ಮೊದಲು ಊಟದ ಪಂಪ್ ನಿಲ್ಲಿಸಬೇಕು. ಸಿರಿಂಜಿನಲ್ಲಿ ಊಟ ಕೊಟ್ಟಿದ್ದರೆ ಅರ್ಧ ಗಂಟೆಯಾದರೂ ಹಾಗೇ ಬಿಡಿ. ಊಟಕ್ಕೆ ಮುಂಚೆಯೇ ಮಗ್ಗುಲು ಬದಲಿಸಿದರೆ ಈ ತಾಪತ್ರಯವೇ ಇಲ್ಲ.

ಟ್ಯೂಬ್ ನಿಜವಾಗಿ ಹೊಟ್ಟೆಯಲ್ಲೇ ಇದೆಯಾ? ಗಾಳಿ ತಳ್ಳಿ ಸ್ಟೆತಸ್ಕೋಪಿನಲ್ಲಿ ಗುಳುಗುಳು ಸದ್ದು ಕೇಳುವ ಹಳೇ ಪರೀಕ್ಷೆಯನ್ನು ನಂಬಲೇಬೇಡಿ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಅಂಥದ್ದೇ ಸದ್ದು ಬರಬಹುದು. ಸಿರಿಂಜಿನಿಂದ ಸ್ವಲ್ಪ ರಸ ಎಳೆದು ಪಿಎಚ್ ಕಾಗದಕ್ಕೆ (ಆಮ್ಲ ಹೆಚ್ಚಿದ್ದಷ್ಟೂ ಕಡಿಮೆ ಅಂಕಿ ತೋರಿಸುವ ಕಾಗದ) ಹಾಕಿದಾಗ 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹೊಟ್ಟೆಯ ಆಮ್ಲವೇ ಇರಬೇಕು. ಆಪರೇಷನ್ ಆದವರಿಗೆ ಆಮ್ಲ ಇಳಿಸುವ ಮಾತ್ರೆಗಳನ್ನು ಕೊಡುವುದು ಜಾಸ್ತಿ. ಆಗ ಟ್ಯೂಬ್ ಸರಿಯಾದ ಜಾಗದಲ್ಲಿದ್ದರೂ ಅಂಕಿ ಮೇಲೇರುತ್ತದೆ. ಅನುಮಾನ ಬಂದರೆ ಎಕ್ಸ್‌ರೇ ಆಗುವವರೆಗೆ ಟ್ಯೂಬಿಗೆ ನೀರನ್ನೂ ಬಿಡಬಾರದು. ಮೂಗಿನ ಹತ್ತಿರ ಟ್ಯೂಬಿನ ಮೇಲಿರುವ ಗುರುತು ಸರಿದಿದೆಯೇ ಅಂತಲೂ ಪ್ರತಿ ಸಲ ನೋಡಬೇಕು. ಜೋರಾಗಿ ಕೆಮ್ಮಿದರೂ ವಾಂತಿಯಾದರೂ ಟ್ಯೂಬ್ ಜಾಗ ಬಿಡಬಹುದು.

ಟ್ಯೂಬ್ ಕಟ್ಟಿಕೊಳ್ಳುವುದಕ್ಕೆ ದೊಡ್ಡ ಕಾರಣ ಸರಿಯಾಗಿ ಪುಡಿಯಾಗದ ಮಾತ್ರೆಗಳು. ಒಂದೊಂದು ಮಾತ್ರೆಯನ್ನೂ ಬೇರೆ ಬೇರೆ ಕರಗಿಸಿ, ನಡುನಡುವೆ ನೀರು ಬಿಡಬೇಕು. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ. ಕಟ್ಟಿಕೊಂಡರೆ ಉಗುರುಬೆಚ್ಚಗಿನ ನೀರನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಬೇಕು, ಅದೂ 50 ಎಂಎಲ್‌ನ ದೊಡ್ಡ ಸಿರಿಂಜಿನಲ್ಲಿ. ಚಿಕ್ಕದರಲ್ಲಿ ಒತ್ತಿದರೆ ಅದೇ ಬಲ ಕಿರಿದಾದ ಜಾಗದ ಮೇಲೆ ಬಿದ್ದು ಒತ್ತಡ ಏರುತ್ತದೆ, ಟ್ಯೂಬ್ ಒಡೆಯಲೂಬಹುದು.

ಬೆನ್ನಿನ ಆಪರೇಷನ್ ಆದ ಮೇಲೆ ಕರುಳೂ ಸ್ವಲ್ಪ ದಿನ ಮಂಕಾಗಿರುತ್ತದೆ. ಮಾರ್ಫಿನ್‌ನಂಥ ನೋವಿನ ಔಷಧಿ ಅದನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ, ವಾಂತಿ ಬರುತ್ತಿದ್ದರೆ "ಊಟದ ಹೊತ್ತಾಯ್ತು" ಅಂತ ತುಂಬಿಸಬೇಡಿ, ಊಟ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಇದ್ದಕ್ಕಿದ್ದಂತೆ ಕಾಲು ಸೋತರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದು ನರದ ಮೇಲೆ ಒತ್ತಡ ಬಿದ್ದಿರುವ ಸೂಚನೆ ಇರಬಹುದು. ಕತ್ತು ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ ಅದು ಇನ್ನೂ ಅವಸರದ ವಿಷಯ. ಎರಡರಲ್ಲೂ ಬೆಳಗಿನ ರೌಂಡ್ಸ್‌ಗೆ ಕಾಯಬಾರದು, ಆ ಕ್ಷಣವೇ ಕರೆಯಬೇಕು.