ಆ ಓಮ್ ಸೆಟ್ಟಿಂಗನ್ನು ಮುಟ್ಟಬೇಡಿ

ಹೊಸ ಸ್ಪೀಕರ್ ಕೊಂಡವರು ಸಾಮಾನ್ಯವಾಗಿ ಅದೇ ಸಂಜೆ ಫೋನ್ ಮಾಡುತ್ತಾರೆ. "ಸಾರ್, ಸ್ಪೀಕರ್ ಹಿಂದೆ 6 ಓಮ್ಸ್ ಅಂತ ಬರೆದಿದೆ. ಆಂಪ್ಲಿಫೈಯರ್ 8ರಲ್ಲಿದೆ. ಮ್ಯಾಚ್ ಮಾಡ್ಬೇಕಲ್ವಾ?" ಬೇಡ, 8ರಲ್ಲೇ ಇರಲಿ ಎನ್ನುತ್ತೇನೆ. ಅವರಿಗೆ ಸಮಾಧಾನವಾಗುವುದಿಲ್ಲ. ಫೋನ್ ಇಟ್ಟಮೇಲೆ ಆಂಪ್ಲಿಫೈಯರಿನ ಮೆನುವಿಗೆ ಹೋಗಿ, ಸ್ಪೀಕರ್ ಎಷ್ಟು ಓಮಿನದು ಅಂತ ಆರಿಸುವ ಸೆಟ್ಟಿಂಗನ್ನು 6 ಮಾಡಿಯೇ ಮಾಡುತ್ತಾರೆ. ಕೆಲವು ತಿಂಗಳಾದ ಮೇಲೆ ಟ್ವೀಟರ್ (ಸ್ಪೀಕರಿನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಭಾಗ) ಸುಟ್ಟಿದೆ ಅಂತ ಅಂಗಡಿಗೆ ಬರುತ್ತಾರೆ. ಈ ಒಂದು ವಿಷಯವನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಇವತ್ತು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಆ ಸೆಟ್ಟಿಂಗ್ ಬದಲಿಸಿದರೆ ಆಂಪ್ಲಿಫೈಯರಿನ ಇಂಪೀಡೆನ್ಸ್ ಬದಲಾಗುವುದಿಲ್ಲ. ಇಂಪೀಡೆನ್ಸ್ ಅಂದರೆ ಕರೆಂಟಿಗೆ ಒಡ್ಡುವ ತಡೆ, ಅದನ್ನು ಅಳೆಯುವುದೇ ಓಮಿನಲ್ಲಿ. ಮನೆಯಲ್ಲಿ ಬಳಸುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಒಂದು ಓಮಿನ ಹತ್ತನೇ ಒಂದು ಪಾಲಿನ ಆಸುಪಾಸು ಇರುತ್ತದೆ. ಎಷ್ಟೋ ಸಲ ಇನ್ನೂ ಕಡಿಮೆ. ನೀವು 4 ಇಟ್ಟರೂ ಅಷ್ಟೇ, 8 ಇಟ್ಟರೂ ಅಷ್ಟೇ. ಹಾಗಾದರೆ ಬದಲಾಗುವುದೇನು? ಕಡಿಮೆ ಓಮಿಗೆ ಹಾಕಿದಾಗ ಬಹಳಷ್ಟು ರಿಸೀವರ್‌ಗಳು (ಆಂಪ್ಲಿಫೈಯರ್ ಒಳಗೇ ಇರುವ ಪೆಟ್ಟಿಗೆಗಳು) ಒಳಗಿನ ಪವರ್ ಟ್ರಾನ್ಸ್‌ಫಾರ್ಮರಿನ ಕಡಿಮೆ ವೋಲ್ಟೇಜಿನ ಟ್ಯಾಪಿಗೆ, ಅಂದರೆ ಕಡಿಮೆ ವೋಲ್ಟೇಜ್ ಕೊಡುವ ತಂತಿಗೆ, ಹೋಗುತ್ತವೆ. ಕೆಲವು ಮಾಡೆಲ್‌ಗಳು ಬೇರೆ ದಾರಿಯಲ್ಲಿ ಕರೆಂಟನ್ನು ಮೊದಲೇ ತಡೆಯುತ್ತವೆ. ಹೇಗೇ ಮಾಡಿದರೂ ಫಲ ಒಂದೇ, ಪವರ್ ಕಮ್ಮಿಯಾಗುತ್ತದೆ.

ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಸ್ಪೀಕರ್ ಒಂದು ನಲ್ಲಿ. 4 ಓಮ್ ಅಂದರೆ ದೊಡ್ಡ ನಲ್ಲಿ, ಜಾಸ್ತಿ ನೀರು ಬಿಡುತ್ತದೆ. ದೊಡ್ಡ ನಲ್ಲಿ ಹಾಕಿದೆ ಅಂತ ಟ್ಯಾಂಕನ್ನೇ ತಾರಸಿಯಿಂದ ಕೆಳಗಿಳಿಸಿ ಸಜ್ಜದ ಮೇಲೆ ಇಡುವುದೇ ಆ ಸೆಟ್ಟಿಂಗಿನ ಕೆಲಸ. ನಲ್ಲಿಗೂ ಟ್ಯಾಂಕಿಗೂ ಏನೂ ಮ್ಯಾಚ್ ಆಗಲಿಲ್ಲ. ನೀರಿನ ಒತ್ತಡ ಹೋಯಿತು, ಅಷ್ಟೇ.

ಎಷ್ಟು ಹೋಯಿತು? ಪವರ್ ಅನ್ನುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 8 ಓಮಿನ ಸ್ಪೀಕರಿಗೆ 28 ವೋಲ್ಟ್ ಕೊಡುತ್ತಿದ್ದ ಆಂಪ್ಲಿಫೈಯರ್ ಸುಮಾರು 98 ವಾಟ್ ಕೊಡುತ್ತಿತ್ತು ಅಂತಿಟ್ಟುಕೊಳ್ಳಿ. ಅದನ್ನು 20 ವೋಲ್ಟಿಗೆ ಇಳಿಸಿದರೆ ಸಿಗುವುದು 50 ವಾಟ್. 14ಕ್ಕೆ ಇಳಿಸಿದರೆ 25ಕ್ಕಿಂತ ಕಮ್ಮಿ. ದುಡ್ಡು ಕೊಟ್ಟು ತಂದ ಪವರ್ರನ್ನು ಒಂದು ಬಟನ್ ಒತ್ತಿ ಬಿಟ್ಟುಕೊಟ್ಟ ಹಾಗಾಯಿತು.

ಹಾಗಿದ್ದರೆ ಕಂಪನಿಯವರು ಅದನ್ನು ಯಾಕೆ ಇಟ್ಟಿದ್ದಾರೆ? ಒಳ್ಳೆಯ ಪ್ರಶ್ನೆ. 4 ಓಮ್ ಸ್ಪೀಕರಿಗೂ ಆಗುತ್ತದೆ ಅಂತ ಹಿಂದೆ ಬರೆಯಬೇಕಾದರೆ, ಸುರಕ್ಷತಾ ಪರೀಕ್ಷೆಯಲ್ಲಿ 4 ಓಮ್ ಲೋಡಿನ ಮೇಲೆ ಬಹಳ ಹೊತ್ತು ಓಡಿಸಿದರೂ ಪೆಟ್ಟಿಗೆ ಒಂದು ಮಿತಿಗಿಂತ ಜಾಸ್ತಿ ಬಿಸಿಯಾಗಬಾರದು. ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಹೀಟ್‌ಸಿಂಕ್ ಹಾಕಿದರೆ ಖರ್ಚು. ವೋಲ್ಟೇಜ್ ಇಳಿಸುವುದು ಸುಲಭ. ಆದರೆ ಮನೆಯಲ್ಲಿ ಯಾರೂ ಆ ಪರೀಕ್ಷೆಯ ಹಾಗೆ ಗಂಟೆಗಟ್ಟಲೆ ಒಂದೇ ಸಮನೆ ಪವರ್ ಹರಿಸುವುದಿಲ್ಲ. ಮನೆಯ ಹಾಲ್‌ನಲ್ಲಿ ಕೂತು ಹದವಾಗಿ ಕೇಳುವಾಗ ಸ್ಪೀಕರಿಗೆ ಹೋಗುವ ಸರಾಸರಿ ಪವರ್ ಒಂದೆರಡು ವಾಟ್ ಇರಬಹುದು.

ಹಾಗಾದರೆ ಕಮ್ಮಿ ಪವರ್ರೇ ಸಾಕಲ್ವಾ ಅನ್ನುತ್ತೀರಿ. ಸರಾಸರಿಗೆ ಸಾಕು, ಏಟಿಗೆ ಸಾಲದು. ನಮ್ಮ ಮೈಸೂರಿನ ಒಬ್ಬರು ನಿವೃತ್ತ ಮೇಷ್ಟ್ರು ನನಗೆ ಬಹಳ ಬೇಕಾದವರು. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಅಂದರೆ ಪ್ರಾಣ. ಕಿವಿ ಸ್ವಲ್ಪ ಮಂದ, ಹಾಗಾಗಿ ವಾಲ್ಯೂಮ್ ಜಾಸ್ತಿ ಇಡುತ್ತಾರೆ. "ಏನಪ್ಪಾ, ತನಿ ಆವರ್ತನ ಬಂದ ತಕ್ಷಣ ಮೃದಂಗ ಒಡೆದ ಹಾಗೆ ಕೇಳತ್ತೆ, ಸ್ಪೀಕರ್ ಹೋಗಿದೆಯಾ ನೋಡು" ಅಂತ ಕರೆದರು. ಅಷ್ಟರಲ್ಲಿ ಬೇರೆ ಯಾರೋ ಒಂದು ಟ್ವೀಟರ್ ಬದಲಿಸಿಯೂ ಆಗಿತ್ತು. ಹೋಗಿ ನೋಡಿದರೆ ಸ್ಪೀಕರ್ ಚೆನ್ನಾಗಿದೆ. ರಿಸೀವರ್ ಕಡಿಮೆ ಓಮಿನ ಸೆಟ್ಟಿಂಗಿನಲ್ಲಿತ್ತು. ಸೇಫ್ ಇರಲಿ ಅಂತ ಅವರ ಮಗ ಮಾಡಿಕೊಟ್ಟು ಹೋಗಿದ್ದನಂತೆ. ವೀಣೆಗೆ 3 ವಾಟ್ ಸಾಕಾಗಿದ್ದರೆ, ಮೃದಂಗದ ಒಂದು ಏಟು ಆ ಕ್ಷಣಕ್ಕೆ ಅದರ ಇಪ್ಪತ್ತು ಪಟ್ಟು ಕೇಳಬಹುದು. ವೋಲ್ಟೇಜ್ ಅಲ್ಲಿಗೆ ಮುಟ್ಟದಿದ್ದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಕತ್ತರಿಸಿದ ಅಲೆಯಲ್ಲಿ ಮೇಲಿನ ಫ್ರೀಕ್ವೆನ್ಸಿಗಳು ಜಾಸ್ತಿ ಸೇರಿಕೊಂಡಿರುತ್ತವೆ. ಅವು ನೇರವಾಗಿ ಟ್ವೀಟರಿಗೆ ಹೋಗುತ್ತವೆ. ಅದರ ಕಾಯಿಲ್ ತಂತಿ ತೀರಾ ತೆಳು, ಆ ಬಿಸಿ ತಡೆಯುವುದಿಲ್ಲ. ಸ್ಪೀಕರ್ ಕಾಪಾಡಲು ಮಾಡಿದ ಸೆಟ್ಟಿಂಗೇ ಸ್ಪೀಕರನ್ನು ಸುಡುವುದು ಹೀಗೆ. 8ಕ್ಕೆ ಹಾಕಿಕೊಟ್ಟೆ. ಮೇಷ್ಟ್ರು ತನಿ ಮುಗಿಯುವವರೆಗೂ ನನ್ನನ್ನು ಏಳಲು ಬಿಡಲಿಲ್ಲ.

ಮ್ಯಾಚ್ ಆಗಬೇಕು ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ನಮ್ಮೂರ ಮೈಕ್‌ಸೆಟ್‌ನವರ ಹತ್ತಿರ ಇರುವ ಅಹುಜಾದಂಥ ಆಂಪ್ಲಿಫೈಯರಿನ ಹಿಂದೆ ನೋಡಿ. 4, 8, 16 ಓಮ್ ಅಂತ ಬೇರೆ ಬೇರೆ ಟರ್ಮಿನಲ್, ಪಕ್ಕದಲ್ಲಿ ದೂರದ ಹಾರ್ನ್‌ಗಳಿಗೆಂದು 100 ವೋಲ್ಟ್ ಲೈನ್. ಅಲ್ಲಿ ಹಾರ್ನ್‌ಗಳ ಒಟ್ಟು ಲೋಡ್ ಲೆಕ್ಕ ಹಾಕಿ ಸರಿಯಾದ ಟರ್ಮಿನಲ್ಲಿಗೇ ಕೊಡಬೇಕು. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಆಂಪ್ಲಿಫೈಯರಿನಲ್ಲೂ ಹಾಗೆಯೇ. ಅಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಸ್ಪೀಕರಿಗೆ ತಕ್ಕ ಟ್ಯಾಪ್ ಬೇಕೇ ಬೇಕು, ಸ್ಪೀಕರ್ ಕಳಚಿಟ್ಟು ಓಡಿಸಲೂ ಬಾರದು. ಆ ನಿಯಮ ಅಲ್ಲಿ ನೂರಕ್ಕೆ ನೂರು ನಿಜ. ನಿಮ್ಮ ಟಿವಿ ಕೆಳಗಿರುವ ರಿಸೀವರಿನಲ್ಲಿ ಆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ರೇ ಇಲ್ಲ.

ಇನ್ನು ಕೆಲವರು ಮಲ್ಟಿಮೀಟರ್ ಇಟ್ಟು ನೋಡಿ, "8 ಓಮ್ ಅಂತ ಮಾರಿದ್ದಾರೆ, 6.2 ತೋರಿಸ್ತಿದೆ, ಮೋಸ" ಅನ್ನುತ್ತಾರೆ. ಮೋಸ ಅಲ್ಲ. ಮೀಟರ್ ತೋರಿಸುವುದು ಕಾಯಿಲ್ ತಂತಿಯ ಡಿಸಿ ರೆಸಿಸ್ಟೆನ್ಸ್, ಅಂದರೆ ಒಂದೇ ದಿಕ್ಕಿನ ಕರೆಂಟಿಗೆ ಅದು ಒಡ್ಡುವ ತಡೆ. ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಅದೇ 8 ಓಮಿನ ಸ್ಪೀಕರ್ ಕೆಳಗಿನ ರೆಸೊನೆನ್ಸ್ (ಅದು ತಾನಾಗಿ ಜಾಸ್ತಿ ಕಂಪಿಸುವ ಸ್ವರ) ಹತ್ತಿರ 30 ಓಮ್ ದಾಟಬಹುದು, ಇನ್ನೊಂದು ಕಡೆ 6.5ಕ್ಕೆ ಇಳಿಯಬಹುದು. ಬರೆದ ಅಂಕಿಯ ಶೇಕಡಾ 80ಕ್ಕಿಂತ ಕೆಳಗೆ ಹೋಗಬಾರದು ಅನ್ನುವುದು ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ. ಎಲ್ಲರೂ ಅದನ್ನು ಪಾಲಿಸುತ್ತಾರೆ ಎಂದು ನಾನು ಭರವಸೆ ಕೊಡಲಾರೆ. ಇಷ್ಟೆಲ್ಲ ಓಲಾಡುವ ಸಂಖ್ಯೆಯನ್ನು ಒಂದು ಬಟನ್ನಿನಿಂದ ಮ್ಯಾಚ್ ಮಾಡುವುದು ಹೇಗೆ, ನೀವೇ ಹೇಳಿ.

ನಾನು 4 ಓಮ್ ಸ್ಪೀಕರಿಗೆ ಭಯವೇ ಬೇಡ ಅನ್ನುತ್ತಿಲ್ಲ. ಅದೇ ವೋಲ್ಟೇಜಿಗೆ ಅದು 8 ಓಮಿನದರ ಎರಡರಷ್ಟು ಕರೆಂಟ್ ಎಳೆಯುತ್ತದೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬದಲಿಸಲೇಬೇಕು ಅಂತಿದ್ದು, ವಾರಂಟಿಯೂ ಇದ್ದರೆ, ಅದು ಮುಗಿಯುವವರೆಗೆ ಕಂಪನಿಯವರ ಮಾತು ಕೇಳಿ. ದೊಡ್ಡ ಹಾಲ್, ಪಾರ್ಟಿ, ರಾತ್ರಿಯಿಡೀ ಜೋರು ಸೌಂಡ್ ಅಂದರೆ 4 ಓಮಿಗೆಂದೇ ಮಾಡಿದ ಆಂಪ್ಲಿಫೈಯರ್ ಕೊಳ್ಳಿ. ಉಳಿದವರು 8ರಲ್ಲೇ ಇಟ್ಟು, ಒಂದು ಗಂಟೆ ಎಂದಿನ ವಾಲ್ಯೂಮಿನಲ್ಲಿ ಕೇಳಿ, ಮೇಲಿನ ಜಾಲರಿಯ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಾದರೆ ಅಥವಾ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆದರೆ ವಾಲ್ಯೂಮ್ ಇಳಿಸಿ, ನಮ್ಮಂಥವರಿಗೆ ತೋರಿಸಿ. ದಯವಿಟ್ಟು ಅದನ್ನು ಷೋಕೇಸಿನ ಗಾಜಿನೊಳಗೆ ಕೂರಿಸಿ ಮೇಲೆ ಕಸೂತಿ ಬಟ್ಟೆ ಹೊದಿಸಬೇಡಿ.

ಸೆಟ್ಟಿಂಗ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವವರೇ ನಿಜವಾದ ಅಪಾಯವನ್ನು ಗಮನಿಸುವುದಿಲ್ಲ. ಗಣೇಶನ ಹಬ್ಬ ಬಂತೆಂದರೆ ಹುಡುಗರು ಮನೆಯ ಆಂಪ್ಲಿಫೈಯರನ್ನೇ ಪೆಂಡಾಲಿಗೆ ಒಯ್ಯುತ್ತಾರೆ. 4 ಓಮಿನ ಕಾರ್ ಸ್ಪೀಕರುಗಳನ್ನು ಡಬ್ಬಕ್ಕೆ ಹಾಕಿ ಒಂದೇ ಟರ್ಮಿನಲ್ಲಿಗೆ ಎರಡೆರಡು ಸಿಕ್ಕಿಸುತ್ತಾರೆ. ಹೀಗೆ ಎರಡು ಸೇರಿದರೆ ಓಮ್ ಅರ್ಧವಾಗುತ್ತದೆ, ಅಲ್ಲಿಗೆ ಲೋಡ್ 2 ಓಮ್. ಆ ಮೇಲೆ ಯಾವ ಸೆಟ್ಟಿಂಗೂ ಕಾಪಾಡುವುದಿಲ್ಲ. ಎರಡು ಜೋಡಿ ಸ್ಪೀಕರುಗಳನ್ನು ಒಟ್ಟಿಗೆ ನುಡಿಸುವ ಎ+ಬಿ ಬಟನ್ ಒತ್ತಿದರೂ ಬಹುತೇಕ ಆಂಪ್ಲಿಫೈಯರ್‌ಗಳಲ್ಲಿ ಎರಡು ಜೋಡಿ ಪ್ಯಾರಲಲ್ ಆಗುತ್ತವೆ. 8 ಓಮಿನ ಎರಡು ಸೇರಿ 4 ಆಗುತ್ತದೆ. ಅದಕ್ಕೇ ಹಿಂದಿನ ಪಟ್ಟಿಯಲ್ಲಿ ಎ ಅಥವಾ ಬಿಗೆ ಒಂದು ಅಂಕಿ, ಎರಡೂ ಸೇರಿದರೆ ಇನ್ನೊಂದು ಅಂಕಿ ಇರುತ್ತದೆ. ಅದನ್ನು ಟಾರ್ಚ್ ಹಾಕಿ ಓದಿ. ಓದುವಾಗಲೇ ವೈರುಗಳನ್ನೂ ನೋಡಿಬಿಡಿ. ಒಂದು ಎಳೆ ತಾಮ್ರ ಕೆಂಪು ಟರ್ಮಿನಲ್ಲಿನಿಂದ ಹೊರಬಂದು ಪಕ್ಕದ ಕಪ್ಪಿಗೆ ತಾಗಿದರೂ ಸಾಕು, ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗಬಹುದು. ಎಳೆಗಳನ್ನು ಬಿಗಿಯಾಗಿ ಹೊಸೆದು, ಬೇಕಿದ್ದಷ್ಟೇ ಉದ್ದ ಬಿಟ್ಟು ಕತ್ತರಿಸಿ, ಪವರ್ ಆಫ್ ಮಾಡಿಯೇ ಸಿಕ್ಕಿಸಿ.